ಪರಿಸರದ ಇಂಗ್ಲಿಷ್: ಜೋಡಿ ಪದಗಳ ಗೊಂದಲ, ಕ್ರಿಯಾಪದಗಳ ಕಾಟ

ಪರಿಸರದ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೆಯಲು ಕೂತರೆ ಪೊಲ್ಯೂಶನ್, ನೇಚರ್, ಎನ್ವಿರಾನ್‌ಮೆಂಟ್, ಗ್ಲೋಬಲ್ ವಾರ್ಮಿಂಗ್ ಎಂಬ ನಾಲ್ಕು ಪದಗಳೇ ಸುತ್ತಿ ಸುತ್ತಿ ಬರುತ್ತವೆ. ಉದ್ದದ ಪದಪಟ್ಟಿ ಉರು ಹೊಡೆದವರ ಬರವಣಿಗೆಯೂ ಅಷ್ಟೇನೂ ಬೇರೆಯಾಗಿರುವುದಿಲ್ಲ. ತೊಂದರೆ ಪಟ್ಟಿಯಲ್ಲೇ ಇದೆ. ಅಲ್ಲಿ ಪ್ರತಿ ಇಂಗ್ಲಿಷ್ ಪದದ ಎದುರಿಗೆ ಒಂದೇ ಒಂದು ಕನ್ನಡ ಪದ ಕೂರಿಸಿ ಮುಗಿಸಿಬಿಟ್ಟಿರುತ್ತಾರೆ. ಈ ಕ್ಷೇತ್ರದ ಎಷ್ಟೋ ಪದಗಳ ಹಿಂದೆ ಒಂದು ಅಳತೆ ಇದೆ: ಇಷ್ಟು ವರ್ಷ, ಶೇಕಡಾ ಇಷ್ಟು, ಇಷ್ಟು ಡಿಗ್ರಿ ಅಂತ. ಅಳತೆ ಗೊತ್ತಾದರೆ ಪದ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ. ಹಾಗಾಗಿ ಇಲ್ಲಿ ಪಟ್ಟಿ ಕೊಡುವುದಿಲ್ಲ. ಸಾಮಾನ್ಯವಾಗಿ ಎಡವುವ ಜಾಗಗಳನ್ನಷ್ಟೇ ನೋಡೋಣ.

ಎರಡಕ್ಕೂ ಹವಾಮಾನ ಅನ್ನುವ ಅಭ್ಯಾಸ

ಮೊದಲ ಎಡವಟ್ಟು ವೆದರ್ ಮತ್ತು ಕ್ಲೈಮೇಟ್. ಶಾಲೆಯ ಪುಸ್ತಕದಲ್ಲಿ ವಾಯುಗುಣ ಎಂಬ ಪದ ಇದ್ದರೂ ದಿನಬಳಕೆಯಲ್ಲಿ ಎರಡಕ್ಕೂ ಹವಾಮಾನ ಎಂದೇ ಹೇಳುತ್ತೇವೆ. ಅದೇ ಅಭ್ಯಾಸದಲ್ಲಿ ‘ಟುಡೇಸ್ ಕ್ಲೈಮೇಟ್ ಈಸ್ ವೆರಿ ನೈಸ್’ ಎಂಬ ವಾಕ್ಯ ಹುಟ್ಟುತ್ತದೆ. ಇವತ್ತಿನದು, ಈ ವಾರದ್ದು ವೆದರ್. ಕ್ಲೈಮೇಟ್ ಅನ್ನಲು ವಿಶ್ವ ಹವಾಮಾನ ಸಂಸ್ಥೆ ಇಟ್ಟುಕೊಂಡಿರುವ ಅಳತೆ 30 ವರ್ಷಗಳ ಸರಾಸರಿ. ಈಗ ಬಳಕೆಯಲ್ಲಿರುವ ಅವಧಿ 1991ರಿಂದ 2020. ಒಂದು ದಿನದ ಮಳೆಗೆ ಕ್ಲೈಮೇಟ್ ಎಂಬ ಪದ ಯಾಕೆ ಸಲ್ಲದು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಗುಣವಾಚಕ ಮಾಡುವಾಗ ಕ್ಲೈಮ್ಯಾಟಿಕ್ ಎಂದೇ ಬರೆಯಿರಿ. ನಡುವೆ ಒಂದು ‘ಸಿ’ ಹೆಚ್ಚಾಗಿ ಸೇರಿದರೆ ಕ್ಲೈಮ್ಯಾಕ್ಟಿಕ್ ಆಗುತ್ತದೆ, ಅದು ಕ್ಲೈಮ್ಯಾಕ್ಸ್‌ನ ನೆಂಟ. ಕಂಪ್ಯೂಟರಿನ ಕಾಗುಣಿತ ಪರೀಕ್ಷಕ ಇದನ್ನು ಹಿಡಿಯುವುದಿಲ್ಲ, ಎರಡೂ ನಿಘಂಟಿನಲ್ಲಿರುವ ಪದಗಳೇ.

ಗ್ಲೋಬಲ್ ವಾರ್ಮಿಂಗ್, ಕ್ಲೈಮೇಟ್ ಚೇಂಜ್ ಎರಡೂ ಒಂದೇ ಅಲ್ಲ. ಭೂಮಿಯ ಮೇಲ್ಮೈಯ ಸರಾಸರಿ ಉಷ್ಣಾಂಶ ಏರುವುದು ಮೊದಲನೆಯದು. ಮಳೆಯ ಹಂಚಿಕೆ, ಸಮುದ್ರಮಟ್ಟ, ಹಿಮದ ಹಾಸು ಎಲ್ಲ ಬದಲಾಗುವುದನ್ನೂ ಸೇರಿಸಿಕೊಂಡಿದ್ದು ಎರಡನೆಯದು. ಬರದ ಬಗ್ಗೆಯೋ ಪ್ರವಾಹದ ಬಗ್ಗೆಯೋ ಬರೆಯುತ್ತಿದ್ದರೆ ಕ್ಲೈಮೇಟ್ ಚೇಂಜ್ ಸರಿ. ಉಷ್ಣಾಂಶದ ಗ್ರಾಫ್ ವಿವರಿಸುತ್ತಿದ್ದರೆ ಗ್ಲೋಬಲ್ ವಾರ್ಮಿಂಗ್ ಸರಿ. 2019ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಕ್ಲೈಮೇಟ್ ಎಮರ್ಜೆನ್ಸಿ, ಗ್ಲೋಬಲ್ ಹೀಟಿಂಗ್ ಎಂಬ ಮಾತುಗಳಿಗೆ ಆದ್ಯತೆ ಕೊಡಲು ತೀರ್ಮಾನಿಸಿತು. ಅದೇ ವರ್ಷ ಆಕ್ಸ್‌ಫರ್ಡ್ ನಿಘಂಟಿನವರು ಕ್ಲೈಮೇಟ್ ಎಮರ್ಜೆನ್ಸಿಯನ್ನು ವರ್ಷದ ಪದವೆಂದು ಆರಿಸಿದರು. ಈ ಪದಗಳಲ್ಲಿ ಬರೆಯುವವರ ನಿಲುವೂ ಬೆರೆತಿರುತ್ತದೆ. ಅಭಿಪ್ರಾಯ ಲೇಖನಕ್ಕೆ ಧಾರಾಳವಾಗಿ ಬಳಸಬಹುದು. ಪ್ರಯೋಗದ ವರದಿಗೆ, ಪರೀಕ್ಷೆಯ ಗ್ರಾಫ್ ವಿವರಣೆಗೆ ಒಗ್ಗುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಓಝೋನ್ ಪದರಕ್ಕೆ ತೂತು ಬಿದ್ದಿದ್ದರಿಂದ ಭೂಮಿ ಬಿಸಿಯಾಗುತ್ತಿದೆ ಎಂದು ಬರೆಯುವುದು. ಇವು ಎರಡು ಬೇರೆ ಕಥೆಗಳು, ಕ್ರಿಯಾಪದಗಳೂ ಬೇರೆ. ಓಝೋನ್ ಜೊತೆಗೆ ಬರುವುದು ಡಿಪ್ಲೀಟ್. ಕ್ಲೋರೊಫ್ಲೋರೊಕಾರ್ಬನ್‌ಗಳು ಅದನ್ನು ಕರಗಿಸುತ್ತವೆ, ಆ ಅನಿಲಗಳನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಗ್ರೀನ್‌ಹೌಸ್ ಗ್ಯಾಸ್ ಜೊತೆಗೆ ಬರುವುದು ಟ್ರ್ಯಾಪ್ ಹೀಟ್. ಶಾಖವನ್ನು ಹೊರಹೋಗಲು ಬಿಡದೆ ಹಿಡಿದಿಡುವುದು. ಕ್ಲೋರೊಫ್ಲೋರೊಕಾರ್ಬನ್‌ಗಳು ಶಾಖವನ್ನೂ ಹಿಡಿದಿಡುವುದರಿಂದ ಗೊಂದಲಕ್ಕೆ ಒಂದಿಷ್ಟು ನೆಪ ಸಿಗುತ್ತದೆ, ಅಷ್ಟೆ. ಡಿಪ್ಲೀಟ್ ಎಲ್ಲಿ, ಟ್ರ್ಯಾಪ್ ಎಲ್ಲಿ ಎಂದು ಕ್ರಿಯಾಪದವನ್ನೇ ಗಟ್ಟಿಯಾಗಿ ಹಿಡಿದುಕೊಂಡರೆ ಈ ತಪ್ಪು ಆಗುವುದಿಲ್ಲ.

ಕಾರ್ಬನ್ ಅಂದರೆ ಯಾವುದು?

ಕಾರ್ಬನ್ ಎಮಿಶನ್, ಕಾರ್ಬನ್ ಟ್ಯಾಕ್ಸ್, ಕಾರ್ಬನ್ ಫುಟ್‌ಪ್ರಿಂಟ್ ಎನ್ನುವಾಗ ಕಾರ್ಬನ್ ಎಂಬುದು ಕಾರ್ಬನ್ ಡೈಆಕ್ಸೈಡಿನ ಮೊಟಕು ರೂಪ. ಒಬ್ಬರಿಂದಲೋ ಒಂದು ವಸ್ತುವಿನಿಂದಲೋ ಒಟ್ಟು ಎಷ್ಟು ಹೊರಬಿತ್ತು ಎಂಬ ಫುಟ್‌ಪ್ರಿಂಟ್ ಲೆಕ್ಕದಲ್ಲಿ ಮೀಥೇನ್‌ನಂಥ ಬೇರೆ ಅನಿಲಗಳೂ ಸೇರಿರುತ್ತವೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಅಂಕಿ ಬಂದಾಗ ಎಚ್ಚರ ಬೇಕು. ಒಂದು ಟನ್ ಕಾರ್ಬನ್ ಉರಿದರೆ ಸುಮಾರು 3.67 ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ; ಪರಮಾಣು ತೂಕ 12, ಅಣು ತೂಕ 44, ಭಾಗಿಸಿದರೆ ಅಷ್ಟೇ. ವೈಜ್ಞಾನಿಕ ಪ್ರಬಂಧಗಳಲ್ಲಿ ಕೆಲವೊಮ್ಮೆ ಬರೀ ಕಾರ್ಬನ್‌ನ ಲೆಕ್ಕ ಇರುತ್ತದೆ, ಸರ್ಕಾರಿ ವರದಿಗಳಲ್ಲಿ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡಿನ ಲೆಕ್ಕ. ಏಕಮಾನ ನೋಡದೆ ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಅಂಕಿ ಮೂರೂವರೆ ಪಟ್ಟಿಗೂ ಮೀರಿ ತಪ್ಪುತ್ತದೆ.

ಇನ್ನೊಂದು ಏಕಮಾನ ಕಾರ್ಬನ್ ಡೈಆಕ್ಸೈಡ್ ಈಕ್ವಿವಲೆಂಟ್. ಮೀಥೇನ್, ನೈಟ್ರಸ್ ಆಕ್ಸೈಡ್ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವ ಉಪಾಯ ಇದು. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಈಕ್ವಿವಲೆಂಟ್ ಎಂಬ ಪದ ಬಿಟ್ಟು ಅನುವಾದಿಸಿದರೆ ವಾಕ್ಯದ ಅರ್ಥವೇ ಬದಲಾಗುತ್ತದೆ.

ಸಿಂಕ್ ಎಂದರೆ ಹೀರಿಕೊಳ್ಳುವ ಜಾಗ, ಸೋರ್ಸ್ ಎಂದರೆ ಹೊರಬಿಡುವ ಜಾಗ. ಸಾಗರ ಸಿಂಕ್, ಕಾಡು ಸಾಮಾನ್ಯವಾಗಿ ಸಿಂಕ್, ಕಾಡ್ಗಿಚ್ಚು ಬಿದ್ದ ವರ್ಷ ಅದೇ ಕಾಡು ಸೋರ್ಸ್ ಆಗಬಹುದು. ಸಿಂಕ್ ಮಾಡುವ ಕೆಲಸಕ್ಕೆ ಅಬ್ಸಾರ್ಬ್ ಎನ್ನಬಹುದು. ಹೀರಿದ್ದನ್ನು ದೀರ್ಘಕಾಲ ಹಿಡಿದಿಟ್ಟುಕೊಳ್ಳುವುದನ್ನೂ ಹೇಳಬೇಕೆಂದರೆ ಸೀಕ್ವೆಸ್ಟರ್. ಕಾರ್ಬನ್ ನ್ಯೂಟ್ರಲ್ ಮತ್ತು ನೆಟ್ ಝೀರೋ ಎರಡನ್ನೂ ಅದಲು ಬದಲು ಮಾಡಿ ಬಳಸುವವರು ಬಹಳ. ಕಾರ್ಬನ್ ನ್ಯೂಟ್ರಲ್ ಎಂದು ಘೋಷಿಸಿಕೊಂಡವರು ತಾವು ಹೊರಬಿಟ್ಟಿದ್ದಕ್ಕೆ ಆಫ್‌ಸೆಟ್ (ಬೇರೆ ಕಡೆ ಬೇರೆಯವರು ತಗ್ಗಿಸಿದ ಅಥವಾ ಹೀರಿಸಿದ ಕಾರ್ಬನ್ನಿನ ಲೆಕ್ಕ) ಕೊಂಡು ಲೆಕ್ಕ ಸರಿಮಾಡಿರುವುದೇ ಹೆಚ್ಚು. ನೆಟ್ ಝೀರೋ ಎಂದಾಗ ಮೊದಲು ಹೊರಸೂಸುವಿಕೆಯನ್ನೇ ಆಳವಾಗಿ ತಗ್ಗಿಸಿ, ಏನು ಮಾಡಿದರೂ ತಗ್ಗದೆ ಉಳಿದ ಅಲ್ಪ ಭಾಗವನ್ನಷ್ಟೇ ವಾತಾವರಣದಿಂದ ಹಿಂದಕ್ಕೆ ತೆಗೆಯಬೇಕೆಂಬ ನಿರೀಕ್ಷೆ ಇರುತ್ತದೆ. ಕಂಪನಿಗಳ ವರದಿ ಓದುವಾಗ ಎರಡರಲ್ಲಿ ಯಾವ ಪದ ಇದೆ ನೋಡಿ, ಬಹಳಷ್ಟು ಅಲ್ಲೇ ಗೊತ್ತಾಗುತ್ತದೆ. ಹಸಿರು ಮಾತಾಡಿ ಕೆಲಸ ಮಾಡದಿರುವುದಕ್ಕೆ ಗ್ರೀನ್‌ವಾಶ್ ಎಂಬ ಕ್ರಿಯಾಪದ ಇದೆ. 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬವರು ಟವೆಲ್ ಮರುಬಳಕೆ ಮಾಡಿ ಎಂದು ಅತಿಥಿಗಳಿಗೆ ಬೋಧಿಸುವ ಹೋಟೆಲುಗಳ ಬಗ್ಗೆ ಬರೆಯುತ್ತ ಈ ಪದ ಬಳಸಿದರು.

ಫೇಸ್ ಔಟ್ ಮತ್ತು ಫೇಸ್ ಡೌನ್ ನಡುವೆ ಇರುವುದು ಒಂದು ಚಿಕ್ಕ ಪದದ ಅಂತರ. 2021ರ ಗ್ಲಾಸ್ಗೋ ಹವಾಮಾನ ಸಮಾವೇಶದ ಕೊನೆಯ ಗಂಟೆಗಳಲ್ಲಿ ಎಳೆದಾಟ ನಡೆದಿದ್ದು ಇದರ ಮೇಲೆಯೇ. ಕಲ್ಲಿದ್ದಲಿನ ವಿಷಯದಲ್ಲಿ ಕರಡಿನಲ್ಲಿದ್ದ ಔಟ್ ಹೋಗಿ ಭಾರತದ ಒತ್ತಾಯದ ಮೇರೆಗೆ ಡೌನ್ ಬಂತು. ಔಟ್ ಎಂದರೆ ಹಂತ ಹಂತವಾಗಿ ಪೂರ್ತಿ ನಿಲ್ಲಿಸುವುದು. ಡೌನ್ ಎಂದರೆ ಹಂತ ಹಂತವಾಗಿ ಕಡಿಮೆ ಮಾಡುವುದು, ಸೊನ್ನೆಗೆ ಇಳಿಸಬೇಕೆಂದಿಲ್ಲ. 2023ರ ದುಬೈ ಸಮಾವೇಶದಲ್ಲಿ ಎರಡನ್ನೂ ಬಿಟ್ಟು, ಪಳೆಯುಳಿಕೆ ಇಂಧನಗಳಿಂದ ‘ಟ್ರಾನ್ಸಿಶನಿಂಗ್ ಅವೇ’ ಎಂಬ ಮೂರನೆಯ ಮಾತು ಹುಡುಕಿದರು.

ಕಸದ ಶಬ್ದಕೋಶ

ಬಯೋಡಿಗ್ರೇಡಬಲ್ ಎಂದು ಬರೆದ ಚೀಲ ಎಲ್ಲಿ ಬಿಸಾಡಿದರೂ ಕರಗುತ್ತದೆ ಎಂಬ ನಂಬಿಕೆ ಬಹಳ ವ್ಯಾಪಕ. ಸೂಕ್ಷ್ಮಜೀವಿಗಳು ಒಡೆಯಬಲ್ಲವು ಎಂಬುದಷ್ಟೇ ಆ ಪದದ ಅರ್ಥ. ಎಷ್ಟು ದಿನದಲ್ಲಿ, ಎಷ್ಟು ಬಿಸಿಯಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಕಂಪೋಸ್ಟಬಲ್ ಎಂಬ ಪದಕ್ಕೆ ಗಡುವು ಇದೆ. ಯುರೋಪಿನ ಇಎನ್ 13432 ಮಾನದಂಡದ ಪ್ರಕಾರ ಕೈಗಾರಿಕಾ ಗೊಬ್ಬರ ಘಟಕದ ಸ್ಥಿತಿಯಲ್ಲಿ 12 ವಾರಗಳಾದ ಮೇಲೆ 2 ಮಿಲಿಮೀಟರ್ ಜರಡಿಯಲ್ಲಿ ಮೂಲ ವಸ್ತುವಿನ ಶೇ. 10ಕ್ಕಿಂತ ಹೆಚ್ಚು ಉಳಿಯಬಾರದು, ಆರು ತಿಂಗಳೊಳಗೆ ಶೇ. 90ರಷ್ಟು ಜೈವಿಕವಾಗಿ ವಿಘಟನೆಯಾಗಬೇಕು. ಆ ಘಟಕದೊಳಗಿನ ಬಿಸಿ 58 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಿತ್ತಲಿನ ಗೊಬ್ಬರ ಗುಂಡಿಯೋ ಸಮುದ್ರದ ನೀರೋ ಅಷ್ಟು ಬಿಸಿಯನ್ನು ಉಳಿಸಿಕೊಳ್ಳುವುದಿಲ್ಲ. ಅದಕ್ಕೇ ಸಸ್ಯಮೂಲದ ಪಿಎಲ್‌ಎ ಪ್ಲಾಸ್ಟಿಕ್ಕಿನ ಲೋಟ ಕಾರ್ಖಾನೆಯ ಘಟಕದಲ್ಲಿ ಗೊಬ್ಬರವಾಗುತ್ತದೆ, ಗುಂಡಿಯಲ್ಲಿ ಹಾಗೇ ಬಿದ್ದಿರುತ್ತದೆ. ಹೋಮ್ ಕಂಪೋಸ್ಟಬಲ್ ಎಂದು ಪ್ರತ್ಯೇಕವಾಗಿ ನಮೂದಿಸಿದ್ದರೆ ಮಾತ್ರ ಮನೆಯ ಗುಂಡಿಗೆ ಹಾಕಬಹುದು.

ಬರೀ ಡಿಗ್ರೇಡಬಲ್ ಎಂದಿದ್ದರೆ ಇನ್ನೂ ಅನುಮಾನಿಸಿ. ಆಕ್ಸೊ-ಡಿಗ್ರೇಡಬಲ್ ಪ್ಲಾಸ್ಟಿಕ್ಕಿಗೆ ಸೇರಿಸಿದ ರಾಸಾಯನಿಕ ಅದನ್ನು ಚೂರುಚೂರು ಮಾಡುತ್ತದೆ. ಆ ಚೂರು ಮೈಕ್ರೊಪ್ಲಾಸ್ಟಿಕ್ ಆಗಿ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಇದನ್ನು ನಿಷೇಧಿಸಿತು. ಬಯೊಪ್ಲಾಸ್ಟಿಕ್ ಇನ್ನೊಂದು ಜಾರುವ ಪದ: ಸಸ್ಯದಿಂದ ಮಾಡಿದ್ದು ಎಂಬ ಅರ್ಥವೂ ಇರಬಹುದು, ಕೊಳೆಯುವಂಥದ್ದು ಎಂಬ ಅರ್ಥವೂ ಇರಬಹುದು, ಎರಡೂ ಒಟ್ಟಿಗೆ ಇರಲೇಬೇಕೆಂದಿಲ್ಲ.

ರೀಸೈಕ್ಲಬಲ್, ರೀಸೈಕಲ್ಡ್ ನಡುವಿನ ವ್ಯತ್ಯಾಸ ಬಾಲದಲ್ಲಿದೆ. ಮೊದಲನೆಯದು ‘ಮಾಡಬಹುದು’, ಎರಡನೆಯದು ‘ಮಾಡಿಯಾಗಿದೆ’. ಪೊಟ್ಟಣದ ಮೇಲಿನ ತ್ರಿಕೋನದ ಬಾಣಗಳನ್ನು ನೋಡಿ ಇದು ಮರುಬಳಕೆಯ ಕಾಗದದಿಂದಲೇ ಮಾಡಿದ್ದು ಎಂದುಕೊಳ್ಳುವವರು ಈ ಬಾಲವನ್ನು ಗಮನಿಸಿರುವುದಿಲ್ಲ. ರೀಯೂಸಬಲ್, ರೀಯೂಸ್ಡ್ ಜೋಡಿಗೂ ಇದೇ ಲೆಕ್ಕ.

ಹೊರಬರುವ ಕೊಳೆಗೆ ಇಂಗ್ಲಿಷ್ ಒಂದೊಂದು ರೂಪಕ್ಕೆ ಒಂದೊಂದು ಹೆಸರಿಟ್ಟಿದೆ. ಗಾಳಿಗೆ ಹೋಗುವುದು ಎಮಿಶನ್. ಕೊಳವೆಯಿಂದ ನದಿಗೆ ಬೀಳುವ ದ್ರವ ಎಫ್ಲುಯೆಂಟ್. ಮೊದಲ ಅಕ್ಷರ ‘ಎ’ ಮಾಡಿ ಅಫ್ಲುಯೆಂಟ್ ಎಂದು ಬರೆದರೆ ಶ್ರೀಮಂತ ಎಂದಾಗಿ ವಾಕ್ಯ ನಗೆಪಾಟಲಾಗುತ್ತದೆ. ಕಸದ ರಾಶಿಯ ಮೂಲಕ ಮಳೆನೀರು ಇಳಿದು ಕೆಳಗೆ ಒಸರುವ ಕಪ್ಪು ರಸ ಲೀಚೇಟ್. ಹೊಲದ ಗೊಬ್ಬರ, ಕೀಟನಾಶಕ ಹೊತ್ತು ನೆಲದ ಮೇಲೆ ಹರಿದುಹೋಗುವ ನೀರು ರನ್ಆಫ್. ಕೊಳಚೆ ನೀರು ಸೀವೇಜ್, ಅದನ್ನು ಸಾಗಿಸುವ ಒಳಚರಂಡಿ ವ್ಯವಸ್ಥೆ ಸೀವರೇಜ್. ಲಿಟರ್ ಎಂದರೆ ಸಾರ್ವಜನಿಕ ಜಾಗದಲ್ಲಿ ಬಿಸಾಡಿದ ಕಸ ಮಾತ್ರ, ಡಬ್ಬದೊಳಗೆ ಬಿದ್ದರೆ ಅದು ಲಿಟರ್ ಅಲ್ಲ. ಕಾಡಿನ ನೆಲದ ತರಗೆಲೆಗೆ ಲೀಫ್ ಲಿಟರ್ ಎನ್ನುತ್ತಾರೆ. ಅದು ಕಸವಲ್ಲ, ಮಣ್ಣಿಗೆ ಊಟ.

ಜೀವಿಗಳ ಬಗ್ಗೆ ಬರೆಯುವಾಗ

ಸ್ಪೀಶೀಸ್ ಏಕವಚನವೂ ಹೌದು, ಬಹುವಚನವೂ ಹೌದು. ಕೊನೆಯ ‘ಎಸ್’ ತೆಗೆದರೆ ಸ್ಪೀಶಿ ಎಂದಾಗಿ ನಾಣ್ಯರೂಪದ ಹಣ ಎಂಬ ಅರ್ಥ ಬರುತ್ತದೆ. ಬ್ಯಾಕ್ಟೀರಿಯಾ, ಫಂಜೈ, ಆಲ್ಜೀ, ಲಾರ್ವೀ ಇವೆಲ್ಲ ಬಹುವಚನ. ಒಂದಕ್ಕೆ ಬ್ಯಾಕ್ಟೀರಿಯಮ್, ಫಂಗಸ್, ಆಲ್ಗಾ, ಲಾರ್ವಾ.

ನೇಟಿವ್ ಎಂದರೆ ಒಂದು ಪ್ರದೇಶಕ್ಕೆ ಸಹಜವಾಗಿ ಸೇರಿದ್ದು. ಎಂಡೆಮಿಕ್ ಎಂದರೆ ಅಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲದ್ದು. ಎಂಡೆಮಿಕ್ ಆದದ್ದೆಲ್ಲ ನೇಟಿವ್, ತಿರುಗಿಸಿದರೆ ನಿಜವಲ್ಲ. ಏಲಿಯನ್ ಎಂದರೆ ಮನುಷ್ಯರ ಮೂಲಕ ಹೊರಗಿನಿಂದ ಬಂದದ್ದು, ಅದು ಹರಡಿ ಹಾನಿ ಮಾಡಿದಾಗ ಮಾತ್ರ ಇನ್ವೇಸಿವ್. ವಾಟರ್ ಹಯಸಿಂತ್ ಎಂಬ ನೀರಿನಲ್ಲಿ ತೇಲುವ ಗಿಡ ದಕ್ಷಿಣ ಅಮೆರಿಕದಲ್ಲಿ ನೇಟಿವ್, ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಇನ್ವೇಸಿವ್. ಹೊರಗಿನ ಗಿಡಗಳೆಲ್ಲ ಇನ್ವೇಸಿವ್ ಎಂದು ಬರೆಯುವ ಚಾಳಿ ಪತ್ರಿಕೆಗಳಲ್ಲೂ ಇದೆ, ಅದು ತಪ್ಪು.

ಅಳಿವಿನಂಚಿನಲ್ಲಿದೆ ಎಂಬುದನ್ನು ಇಂಗ್ಲಿಷ್‌ಗೆ ತಿರುಗಿಸುವಾಗ ಎಲ್ಲರೂ ಎಂಡೇಂಜರ್ಡ್ ಎಂದು ಬರೆದುಬಿಡುತ್ತಾರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್ 1964ರಲ್ಲಿ ಶುರುಮಾಡಿದ ಕೆಂಪು ಪಟ್ಟಿಯಲ್ಲಿ ಅದು ಒಂದು ನಿರ್ದಿಷ್ಟ ಮೆಟ್ಟಿಲು. ಕೆಳಗೆ ವಲ್ನರಬಲ್, ಮೇಲೆ ಕ್ರಿಟಿಕಲಿ ಎಂಡೇಂಜರ್ಡ್. ಮೂರನ್ನೂ ಸೇರಿಸಿ ಹೇಳುವ ಪದ ಥ್ರೆಟನ್ಡ್. ಈ ಮೆಟ್ಟಿಲುಗಳಿಗೆ ಅಂಕಿಗಳಿವೆ. ಸಂತಾನಾಭಿವೃದ್ಧಿಗೆ ಬಂದ ಜೀವಿಗಳು 1,000ಕ್ಕಿಂತ ಕಡಿಮೆ ಉಳಿದರೆ ವಲ್ನರಬಲ್, 250ಕ್ಕಿಂತ ಕಡಿಮೆಯಾದರೆ ಎಂಡೇಂಜರ್ಡ್, 50ಕ್ಕಿಂತ ಕಡಿಮೆಯಾದರೆ ಕ್ರಿಟಿಕಲಿ ಎಂಡೇಂಜರ್ಡ್. ಸಂಖ್ಯೆ ದೊಡ್ಡದಿದ್ದರೂ ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಆ ಅವಧಿಯಲ್ಲಿ ಶೇ. 30, 50, 80ರಷ್ಟು ಕುಸಿದರೆ ಅದೇ ಕ್ರಮದಲ್ಲಿ ಈ ಮೂರು ಹಂತಗಳಿಗೆ ಸೇರುತ್ತದೆ. ಕುಸಿತದ ಕಾರಣ ನಿಂತುಹೋಗಿದ್ದರೆ ಮಿತಿ ಇನ್ನೂ ಹೆಚ್ಚು. ಜೈಂಟ್ ಪಾಂಡಾ 2016ರಲ್ಲಿ ಎಂಡೇಂಜರ್ಡ್‌ನಿಂದ ವಲ್ನರಬಲ್‌ಗೆ ಇಳಿಯಿತು, ಹಿಮ ಚಿರತೆ 2017ರಲ್ಲಿ. ಹಳೆಯ ಪುಸ್ತಕ ನೋಡಿ ಪಾಂಡಾ ಈಸ್ ಎಂಡೇಂಜರ್ಡ್ ಎಂದು ಈಗಲೂ ಬರೆಯುವವರಿದ್ದಾರೆ. ಹಂತ ಖಚಿತವಿಲ್ಲದಿದ್ದಾಗ ಥ್ರೆಟನ್ಡ್ ಎಂದು ಬರೆಯುವುದೇ ಕ್ಷೇಮ.

ಎಕ್ಸ್‌ಟಿಂಕ್ಟ್ ಗುಣವಾಚಕ. ಅದಕ್ಕೆ ‘ಎಡ್’ ಹಚ್ಚಿ ‘ಡೋಡೋ ವಾಸ್ ಎಕ್ಸ್‌ಟಿಂಕ್ಟೆಡ್’ ಎನ್ನಲಾಗದು. ಬಿಕೇಮ್ ಎಕ್ಸ್‌ಟಿಂಕ್ಟ್, ವೆಂಟ್ ಎಕ್ಸ್‌ಟಿಂಕ್ಟ್, ಡೈಡ್ ಔಟ್ ಈ ಮೂರೂ ಸರಿ. ಜಗತ್ತಿನಲ್ಲಿದ್ದು ಒಂದು ಪ್ರದೇಶದಿಂದ ಮಾತ್ರ ಮಾಯವಾಗಿದ್ದರೆ ಲೋಕಲಿ ಎಕ್ಸ್‌ಟಿಂಕ್ಟ್ ಎಂದೇ ಬರೆಯಬೇಕು.

ಅಫಾರೆಸ್ಟೇಶನ್, ರೀಫಾರೆಸ್ಟೇಶನ್ ಬಗ್ಗೆ ಒಂದೇ ಮಾತು: ಕಡಿದ ಕಾಡನ್ನು ಮತ್ತೆ ಬೆಳೆಸುವುದು ರೀ, ಬಹುಕಾಲದಿಂದ ಕಾಡಿಲ್ಲದ ನೆಲದಲ್ಲಿ ಬೆಳೆಸುವುದು ಅ. ಹೊರಸೂಸುವಿಕೆ ತಗ್ಗಿಸುವ ಅಂತರರಾಷ್ಟ್ರೀಯ ಕ್ಯೋಟೊ ಒಪ್ಪಂದದ ನಿಯಮಗಳಲ್ಲಿ ಆ ಬಹುಕಾಲ ಕನಿಷ್ಠ 50 ವರ್ಷ.

ಕ್ರಿಯಾಪದ ಮತ್ತು ಪುಟ್ಟ ಪದಗಳು

ಕನ್ನಡದಲ್ಲಿ ಮಾಲಿನ್ಯ ಮಾಡುತ್ತೇವೆ, ಆದ್ದರಿಂದ ಇಂಗ್ಲಿಷ್‌ನಲ್ಲೂ ಡೂ ಪೊಲ್ಯೂಶನ್, ಮೇಕ್ ಪೊಲ್ಯೂಶನ್ ಎಂದು ಬಂದುಬಿಡುತ್ತದೆ. ಕಾಸ್ ಪೊಲ್ಯೂಶನ್ ಎನ್ನಿ, ಇಲ್ಲವೇ ನೇರವಾಗಿ ಪೊಲ್ಯೂಟ್. ಕುಡಿಯುವ ನೀರಿಗೆ ರೋಗಾಣುವೋ ಸೀಸವೋ ಸೇರಿದ್ದರೆ ಕಂಟ್ಯಾಮಿನೇಟ್ ಹೆಚ್ಚು ಖಚಿತ. ಅಂತರ್ಜಲ, ಮೀನಿನ ಸಂಪತ್ತು ಬರಿದಾದರೆ ಡಿಪ್ಲೀಟ್. ಮಣ್ಣಿನ ಗುಣ ಕೆಟ್ಟರೆ ಡಿಗ್ರೇಡ್. ಮಣ್ಣೇ ಕೊಚ್ಚಿಹೋದರೆ ಇರೋಡ್. ಗಾಳಿಯ ಗುಣಮಟ್ಟಕ್ಕೆ ಡಿಟೀರಿಯರೇಟ್. ಹೊರಸೂಸುವಿಕೆಯನ್ನು ಕಟ್ ಮಾಡುತ್ತಾರೆ, ಕರ್ಬ್ ಮಾಡುತ್ತಾರೆ, ರೆಡ್ಯೂಸ್ ಮಾಡುತ್ತಾರೆ. ಡಿಕ್ರೀಸ್ ಎಂದರೆ ತಪ್ಪಲ್ಲ, ಕಿವಿಗೆ ಅಷ್ಟು ಹಿತವಲ್ಲ.

ಎನ್ವಿರಾನ್‌ಮೆಂಟ್ ಮುಂದೆ ‘ದ’ ಬಿಡಬೇಡಿ. ಸುತ್ತಲಿನ ನಿಸರ್ಗ ಎಂಬ ಅರ್ಥದಲ್ಲಿ ಅದು ಬೇಕೇ ಬೇಕು. ನೇಚರ್ ಮುಂದೆ ಮಾತ್ರ ಬೇಡ: ಪ್ರೊಟೆಕ್ಟ್ ದ ಎನ್ವಿರಾನ್‌ಮೆಂಟ್, ಆದರೆ ಪ್ರೊಟೆಕ್ಟ್ ನೇಚರ್. ವೈಲ್ಡ್‌ಲೈಫ್, ವೆಜಿಟೇಶನ್, ಗಾರ್ಬೇಜ್ ಪದಗಳಿಗೆ ಬಹುವಚನದ ‘ಎಸ್’ ಹಚ್ಚುವಂತಿಲ್ಲ.

ಅಂಕಿಯ ಪಕ್ಕದ ಪುಟ್ಟ ಪದ ಇಡೀ ವಾಕ್ಯವನ್ನೇ ತಿರುಗಿಸುತ್ತದೆ. ರೋಸ್ ಬೈ 1.5 ಡಿಗ್ರಿ ಎಂದರೆ ಇದ್ದುದಕ್ಕಿಂತ ಒಂದೂವರೆ ಡಿಗ್ರಿ ಹೆಚ್ಚಾಯಿತು; ರೋಸ್ ಟು 15 ಡಿಗ್ರಿ ಎಂದರೆ ಏರಿ 15ಕ್ಕೆ ತಲುಪಿತು. ನಾಮಪದವಾದರೆ ಅ ರೈಸ್ ಇನ್ ಟೆಂಪರೇಚರ್, ಆದರೆ ಅ ರೈಸ್ ಆಫ್ 1.5 ಡಿಗ್ರಿ. ಈ 1.5 ಎಲ್ಲಿಂದ ಎಣಿಸಿದ್ದು ಎಂಬ ಪ್ರಶ್ನೆಗೆ ಉತ್ತರ ಅಬವ್ ಪ್ರೀ-ಇಂಡಸ್ಟ್ರಿಯಲ್ ಲೆವೆಲ್ಸ್. ಲೆಕ್ಕಕ್ಕೆ 1850ರಿಂದ 1900ರವರೆಗಿನ ಸರಾಸರಿಯನ್ನು ಹಿಡಿಯುತ್ತಾರೆ. ಉಳಿದಂತೆ ಥ್ರೆಟ್ ಟು, ಹಾರ್ಮ್‌ಫುಲ್ ಟು, ಡಿಸ್ಚಾರ್ಜ್ ಇಂಟು, ಲೀಚ್ ಇಂಟು, ಎನ್‌ಕ್ರೋಚ್ ಆನ್, ರನ್ ಔಟ್ ಆಫ್. ಇವುಗಳಲ್ಲಿ ತರ್ಕ ಹುಡುಕಿ ಫಲವಿಲ್ಲ, ಜೊತೆಯಾಗಿಯೇ ಕಲಿಯಬೇಕು.

ಉಚ್ಚಾರದಲ್ಲಿ ಒತ್ತು ಜಾಗ ಬದಲಿಸುವುದನ್ನು ಗಮನಿಸಿ. ಇಕಾಲಜಿಯಲ್ಲಿ ಒತ್ತು ‘ಕಾ’ ಮೇಲೆ, ಇಕಲಾಜಿಕಲ್‌ನಲ್ಲಿ ‘ಲಾ’ ಮೇಲೆ. ಬರಕ್ಕೆ ಡ್ರೌಟ್ ಎನ್ನಬೇಕು. ಬ್ರಿಟಿಷ್ ಕಾಗುಣಿತದಲ್ಲಿ ಹೆಚ್ಚುಕಡಿಮೆ ಅದೇ ಅಕ್ಷರಗಳಿರುವ ಡ್ರಾಫ್ಟ್ (draught) ಸಂದಿನಿಂದ ನುಗ್ಗುವ ಗಾಳಿ.

ಪದ ಬರೆದಿಡುವ ಪುಸ್ತಕದಲ್ಲಿ ಕನ್ನಡ ಅರ್ಥದ ಜೊತೆಗೆ ನಾಲ್ಕು ಅಂಕಣ ಹಾಕಿಕೊಳ್ಳಿ: ಪದದ ಹಿಂದಿನ ಅಳತೆ, ಜೊತೆಗೆ ಬರುವ ಕ್ರಿಯಾಪದ, ಪಕ್ಕದ ಪುಟ್ಟ ಪದ, ಮತ್ತು ಗೊಂದಲ ಹುಟ್ಟಿಸುವ ನೆರೆಯ ಪದ. ಎಲ್ಲ ಪದಕ್ಕೂ ನಾಲ್ಕೂ ತುಂಬುವುದಿಲ್ಲ, ಖಾಲಿ ಬಿಟ್ಟರಾಯಿತು. ದಿನಕ್ಕೆ ಇಪ್ಪತ್ತು ಪದ ಬರೆಯುವುದಕ್ಕಿಂತ ಹೀಗೆ ಮೂರು ಪದ ಬರೆದರೆ ಬಳಕೆಗೆ ಬರುತ್ತವೆ.

ಅಳತೆಯ ಅಂಕಣ ತುಂಬಲು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ತಜ್ಞರ ಸಮಿತಿ ಐಪಿಸಿಸಿಯ ವರದಿಗಳ ಸಾರಾಂಶಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಲೈಕ್ಲಿ ಎಂಬ ಸಾದಾ ಪದಕ್ಕೂ ಅಂಕಿ ಇದೆ: ಶೇ. 66ಕ್ಕಿಂತ ಹೆಚ್ಚು ಸಂಭವ. ವೆರಿ ಲೈಕ್ಲಿ ಎಂದರೆ 90ಕ್ಕಿಂತ, ಎಕ್ಸ್‌ಟ್ರೀಮ್ಲಿ ಲೈಕ್ಲಿ ಎಂದರೆ 95ಕ್ಕಿಂತ, ವರ್ಚುವಲಿ ಸರ್ಟನ್ ಎಂದರೆ 99ಕ್ಕಿಂತ ಹೆಚ್ಚು. ಹೈ ಕಾನ್ಫಿಡೆನ್ಸ್, ಮೀಡಿಯಮ್ ಕಾನ್ಫಿಡೆನ್ಸ್ ಎಂಬುದು ಬೇರೆಯೇ ಅಳತೆಗೋಲು. ಸಾಕ್ಷ್ಯ ಎಷ್ಟು ಗಟ್ಟಿ, ತಜ್ಞರಲ್ಲಿ ಎಷ್ಟು ಒಮ್ಮತ ಎಂಬುದನ್ನು ಅದು ಹೇಳುತ್ತದೆ. ಇವೆಲ್ಲವನ್ನೂ ‘ಬಹುಶಃ’ ಎಂದು ಕನ್ನಡಕ್ಕೆ ತಂದರೆ ಅಳತೆಯೇ ಉದುರಿಹೋಗುತ್ತದೆ. ಭೂಮಿ ಬಿಸಿಯಾಗಲು ಮುಖ್ಯವಾಗಿ ಮನುಷ್ಯರೇ ಕಾರಣ ಎಂಬುದಕ್ಕೆ 2001ರ ವರದಿ ಲೈಕ್ಲಿ ಎಂದಿತ್ತು, 2007ರದು ವೆರಿ ಲೈಕ್ಲಿ, 2013ರದು ಎಕ್ಸ್‌ಟ್ರೀಮ್ಲಿ ಲೈಕ್ಲಿ. 2021ರ ವರದಿ ಮನುಷ್ಯರ ಪ್ರಭಾವದಿಂದ ಭೂಮಿ ಬಿಸಿಯಾಗಿರುವುದನ್ನು ಹೇಳಲು ಬಳಸಿದ ಪದ ಅನ್‌ಇಕ್ವಿವೋಕಲ್. ಸಂಭವದ ಆ ಅಳತೆಗೋಲಿನಲ್ಲಿ ಈ ಪದಕ್ಕೆ ಅಂಕಿಯೇ ಇಲ್ಲ.